ಮಂಗ ಹಾರಿತು ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು?

'ದ ಮಂಕಿ ಫ್ಲೂ ಫ್ರಮ್ ದ ಟ್ರೀ.' ಏಳನೇ ಕ್ಲಾಸಿನ ಹುಡುಗ ಬರೆದಿದ್ದ ಈ ವಾಕ್ಯಕ್ಕೆ ಕೆಂಪು ಗೀಟು ಹಾಕಿದೆ. ಅವನ ಮುಖ ಚಿಕ್ಕದಾಯಿತು. ಆಮೇಲೆ ಯೋಚಿಸಿದರೆ, ಅವನ ತಲೆಯಲ್ಲಿದ್ದ ಕನ್ನಡ ಪೂರ್ತಿ ಸರಿಯಾಗಿಯೇ ಇತ್ತು. ನಮ್ಮಲ್ಲಿ ಹಕ್ಕಿಯೂ ಹಾರುತ್ತದೆ, ಮಂಗವೂ ಹಾರುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯ ಗಲ್ಲಿಯಲ್ಲಿ ಅವನು ದಿನವಿಡೀ ಆಡುವ ಮರಾಠಿಯಲ್ಲೂ ಉಡಣೆ ಅಂದರೆ ಹಾರಾಟ, ಉಡಿ ಮಾರಣೆ ಅಂದರೆ ಜಿಗಿತ. ಬಲ್ಲ ಎರಡು ಭಾಷೆಗಳೂ ಒಂದೇ ದಾರಿ ತೋರಿಸುವಾಗ ಇಂಗ್ಲಿಷ್ ಮಾತ್ರ ಅಲ್ಲಿ ಹಕ್ಕಿಗೆ ಫ್ಲೈ, ಮಂಗಕ್ಕೆ ಜಂಪ್ ಅಂತ ಕವಲೊಡೆಯುತ್ತದೆ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು?

ಸಂಜೆ ಮನೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪುಣೆಯ ಬಾಲಭಾರತಿ ಅಚ್ಚು ಹಾಕುವ ಕನ್ನಡ ಪಠ್ಯಪುಸ್ತಕ ಓದುವ ಮಕ್ಕಳು. ಮೊದಲ ವರ್ಷ ನಾನೂ ಗೈಡಿನಲ್ಲಿದ್ದ ಸಮಾನಾರ್ಥಕ ಪದಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿಸಿದೆ: ಜಂಪ್, ಲೀಪ್, ಹಾಪ್, ಸ್ಪ್ರಿಂಗ್, ಬೌಂಡ್, ಪೌನ್ಸ್. ಮಕ್ಕಳು ಚೆನ್ನಾಗಿ ಒಪ್ಪಿಸಿದರು. ಪ್ರಬಂಧ ಬರೆಸಿದಾಗ ಒಬ್ಬಳ ಅಜ್ಜಿ ಬಸ್ಸಿನ ಮೇಲೆ 'ಪೌನ್ಸ್' ಮಾಡಿದ್ದರು. ತಪ್ಪು ಮಗುವಿನದಲ್ಲ. ಇವೆಲ್ಲ ಒಂದೇ ಅಂತ ಹೇಳಿಕೊಟ್ಟವಳು ನಾನು.

ಅವತ್ತಿಂದ ಪಟ್ಟಿ ಬಿಟ್ಟು ಮಕ್ಕಳನ್ನು ತಾರಸಿಗೆ ಕರೆದುಕೊಂಡು ಹೋದೆ. ಯಾವ ಪದ ಬಂದರೂ ಕೇಳಬೇಕಾದ ಪ್ರಶ್ನೆಗಳನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೇ ಬರೆದೆ. ಎಷ್ಟು ಕಾಲು? ಕೈ ಊರಿದೆಯೋ ಇಲ್ಲವೋ? ಒಂದೇ ಸಲವೋ, ಮೇಲಿಂದ ಮೇಲೆಯೋ? ಯಾಕೆ ಹಾರಿತು?

'ಹಾಪ್' ಅತ್ಯಂತ ಸುಲಭವಾಯಿತು, ಏಕೆಂದರೆ ಮಹಾರಾಷ್ಟ್ರದ ಮಕ್ಕಳಿಗೆಲ್ಲ ಲಂಗಡಿ ಆಟ ಗೊತ್ತು. ನಮ್ಮ ಕುಂಟೆಬಿಲ್ಲೆಯ ಹಾಗೇ ಒಂಟಿ ಕಾಲಿನ ಕುಪ್ಪಳಿಕೆ ಅದು. ಆದರೆ ಹಕ್ಕಿಯ ವಿಷಯಕ್ಕೆ ಬಂದರೆ ಹಾಪ್ ಅಂದರೆ ಎರಡೂ ಕಾಲು ಜೋಡಿಸಿ ಕುಪ್ಪಳಿಸುವುದು. ಎದುರಿನ ಕಟ್ಟೆಯ ಮೇಲೆ ಪಾರಿವಾಳ ನಡೆಯುತ್ತಿತ್ತು, ಗುಬ್ಬಿ ಕುಪ್ಪಳಿಸುತ್ತಿತ್ತು. ಪಾಠ ಅಲ್ಲೇ ಮುಗಿಯಿತು. ಟ್ರಿಪಲ್ ಜಂಪಿಗೆ ಹಿಂದೆ 'ಹಾಪ್, ಸ್ಟೆಪ್ ಆ್ಯಂಡ್ ಜಂಪ್' ಅಂತಲೇ ಹೆಸರಿತ್ತು. ಯಾವ ಕಾಲಿನಿಂದ ಚಿಮ್ಮಿದರೋ ಅದೇ ಕಾಲಿನ ಮೇಲೆ ಇಳಿದರೆ ಹಾಪ್, ಮುಂದೆ ಇನ್ನೊಂದು ಕಾಲಿನ ಮೇಲೆ ಇಳಿದರೆ ಸ್ಟೆಪ್, ಕೊನೆಗೆ ಮರಳಿಗೆ ಬೀಳುವುದು ಜಂಪ್. ಇದನ್ನು ಮಾಡಿ ನೋಡಿದ ಮಗು ಮರೆಯುವುದಿಲ್ಲ. ಮರೆಯುವುದು ಕಾಗುಣಿತವನ್ನು. ಹಾಪ್ ಪದದ ಭೂತಕಾಲಕ್ಕೆ 'ಪಿ' ಎರಡು ಬರಬೇಕು. ಒಂದೇ ಹಾಕಿದರೆ ಅದು 'ಹೋಪ್' ಪದದ ಭೂತಕಾಲವಾಗಿ ಕಪ್ಪೆ ಕುಪ್ಪಳಿಸುವುದು ಬಿಟ್ಟು ಆಸೆಪಡುತ್ತ ಕೂರುತ್ತದೆ.

'ವಾಲ್ಟ್' ಅಂದರೆ ಕೈಯನ್ನೋ ಕೋಲನ್ನೋ ಊರಿ ದಾಟುವುದು. 2016ರ ರಿಯೋ ಒಲಿಂಪಿಕ್ಸಿನ ವಾಲ್ಟ್ ಫೈನಲ್ಲಿನಲ್ಲಿ ನಾಲ್ಕನೆಯವರಾಗಿ ಬಂದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅವರ ವಿಡಿಯೊ ತೋರಿಸಿದೆ. ಅವರ ಅಂಗೈ ಮೇಜಿಗೆ ತಾಗುವ ಆ ಒಂದು ಕ್ಷಣವನ್ನು ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

'ಪೌನ್ಸ್' ಮಾತ್ರ ಒಂದು ಇಡೀ ಸಂಜೆ ತಿಂದಿತು. ಗಿಡುಗದ ಉಗುರಿಗೆ ಇಂಗ್ಲಿಷಿನಲ್ಲಿ ಇದ್ದ ಹಳೆಯ ಹೆಸರು ಅದು. ಹಾಗಾಗಿ ಹಿಡಿಯುವ ಉದ್ದೇಶ ಇಲ್ಲದೆ ಪೌನ್ಸ್ ಇಲ್ಲ. ಹೊಂಚು ಹಾಕಬೇಕು, ಬೇಟೆ ಇರಬೇಕು. ಕನ್ನಡದಲ್ಲಿ ಇದಕ್ಕೆ 'ಎರಗು' ಇದೆ. ವಿಚಿತ್ರವೆಂದರೆ ದೇವರ ಪಾದಕ್ಕೆ ಎರಗುವುದೂ ಅದೇ ಮಾತು. ಅಜ್ಜಿ ಬಸ್ಸಿಗೆ ಯಾಕೆ ಎರಗಲಾರರು ಅನ್ನುವುದು ಆ ಹುಡುಗಿಗೆ ಆಗ ತಾನಾಗಿಯೇ ಹೊಳೆಯಿತು.

'ಸ್ಪ್ರಿಂಗ್' ನನಗೆ ಬಹಳ ಇಷ್ಟ. ಸುಮ್ಮನೆ ಕೂತದ್ದು ತಟ್ಟನೆ ಚಿಮ್ಮುವುದು ಅದು. ಒತ್ತಿ ಬಿಟ್ಟರೆ ಪುಟಿಯುವ ತಂತಿಯ ಸುರುಳಿ, ನೆಲದಿಂದ ಚಿಮ್ಮುವ ಒರತೆ, ಚಿಗುರು ಚಿಮ್ಮುವ ವಸಂತ, ಮೂರಕ್ಕೂ ಇಂಗ್ಲಿಷ್ ಈ ಒಂದೇ ಪದ ಕೊಟ್ಟಿದೆ. 'ಬೌಂಡ್' ಅಂದರೆ ಖುಷಿಯಾದ ನಾಯಿ ಚಂಗಚಂಗನೆ ನೆಗೆಯುತ್ತ ಬರುವುದು. ಕ್ರಿಕೆಟಿನ ಬೌಂಡರಿಗೂ ಅದಕ್ಕೂ ಸಂಬಂಧವಿಲ್ಲ, ಅದರ ಮೂಲವೇ ಬೇರೆ.

ಈ 'ಚಂಗನೆ' ಅನ್ನುವಲ್ಲೇ ನನಗೆ ನಿಜವಾದ ಬೀಗದ ಕೈ ಸಿಕ್ಕಿದ್ದು. ಹೇಗೆ ಹಾರಿದ ಅನ್ನುವುದನ್ನು ಇಂಗ್ಲಿಷ್ ಕ್ರಿಯಾಪದದ ಹೊಟ್ಟೆಯೊಳಗೇ ತುಂಬಿಡುತ್ತದೆ, ಎತ್ತ ಹಾರಿದ ಅನ್ನುವುದನ್ನು 'ಓವರ್', 'ಅಕ್ರಾಸ್', 'ಆಫ್' ಅನ್ನುವ ಸಣ್ಣ ಪದಗಳಿಗೆ ವಹಿಸುತ್ತದೆ. ಕನ್ನಡದ ದಾರಿ ಬೇರೆ. ಚಂಗನೆ, ಟಣ್ಣನೆ, ತಟ್ಟನೆ ಅಂತ ಪಕ್ಕದಲ್ಲಿಟ್ಟು ರೀತಿ ಹೇಳುತ್ತೇವೆ, ಹಾರಿ ದಾಟಿದ, ಹಾರಿ ಇಳಿದ ಅಂತ ಎರಡನೇ ಕ್ರಿಯಾಪದದಲ್ಲಿ ದಿಕ್ಕು ಹೇಳುತ್ತೇವೆ. ಇದನ್ನು ಹಲಗೆಯ ಮೇಲೆ ಎದುರುಬದುರು ಬರೆದು ತೋರಿಸಿದ ಮೇಲೆ, 'ಜಂಪ್ಡ್ ಆ್ಯಂಡ್ ಕ್ರಾಸ್ಡ್ ದ ವಾಲ್' ಅಂತ ಬರೆಯುತ್ತಿದ್ದವರು 'ಜಂಪ್ಡ್ ಓವರ್ ದ ವಾಲ್' ಅನ್ನತೊಡಗಿದರು.

ಮನೆಮಾತು ಕೇಳಿಸಿಕೊಂಡದ್ದೂ ಬಹಳ ನೆರವಾಯಿತು. ವಿಜಯಪುರದ ಕಡೆಯ ಹುಡುಗ "ಮಂಗ್ಯಾ ಗ್ವಾಡಿ ಜಿಗೀತ್ರೀ ಟೀಚರ್" ಅನ್ನುತ್ತಾನೆ. ಉಡುಪಿ ಕಡೆಯ ಹುಡುಗಿ ಮನೆಯಲ್ಲಿ ಜಿಗಿಯುವುದಕ್ಕೆ ತುಳುವಿನ 'ಲಾಗು' ಅನ್ನುತ್ತಾಳೆ. ಜಿಗಿ ಅನ್ನುವವನಿಗೆ ಜಂಪ್ ಮೊದಲೇ ಅರ್ಧ ಗೊತ್ತು, ಅವನು ಹಾರುವುದಕ್ಕೂ ಜಿಗಿಯುವುದಕ್ಕೂ ಗೆರೆ ಎಳೆದುಕೊಂಡೇ ಬಂದಿರುತ್ತಾನೆ. ಈಗ ನಾನು ಹೊಸ ಮಗುವಿಗೆ ಮೊದಲು ಕೇಳುವುದು, ನಿಮ್ಮ ಮನೆಯಲ್ಲಿ ಏನಂತೀರಿ ಅಂತ.

ಹೋದ ತಿಂಗಳು 'ಲೀಪ್' ತೆಗೆದುಕೊಂಡೆ. ದೊಡ್ಡ ಅಂತರ ದಾಟುವ ಜಿಗಿತ ಅಂತ ಹೇಳಿ, ಹನುಮಂತ ಮಹೇಂದ್ರ ಪರ್ವತದಿಂದ ನೂರು ಯೋಜನ ಸಮುದ್ರ ಲಂಘಿಸಿದ್ದನ್ನು ಉದಾಹರಣೆ ಕೊಟ್ಟೆ. ಮಂಗನ ವಾಕ್ಯ ಬರೆದಿದ್ದ ಹುಡುಗ ಈಗ ಎಂಟನೇ ಕ್ಲಾಸು. ಅವನೇ ಕೈ ಎತ್ತಿದ.

"ಟೀಚರ್, ಅವ ಗುಡ್ಡದಿಂದ ಜಿಗದಾನ. ಆದ್ರ ಸಮುದ್ರದ ಮ್ಯಾಲ ಹಾರಿಕೋತ ಹೋಗ್ಯಾನಲ್ರೀ?"

ಹಲಗೆಯ ಮೇಲೆ 'ಲೆಪ್ಟ್' ಬರೆದೆ. ಅದರ ಪಕ್ಕದಲ್ಲಿ 'ಫ್ಲೂ' ಅಂತ ಅವನ ಕೈಯಿಂದಲೇ ಬರೆಸಿದೆ.