ಇಂಗ್ಲಿಷ್ ಎಂ.ಎ.ಗೆ ಸೇರಿದ್ದೀರಾ? ಮೊದಲು ಗೈಡ್ ಮುಚ್ಚಿಡಿ

ಮಂಡ್ಯದ ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿಗೆ ಬಂದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಭಯ ಜಾಸ್ತಿ. ಅದಕ್ಕೆ ಗೈಡ್ ಮದ್ದಲ್ಲ. ಮೊದಲು ಮೂಲ ಪಠ್ಯ, ಆಮೇಲೆ ನೋಟ್ಸ್.

ಕವಿತೆಯನ್ನು ಜೋರಾಗಿ ಓದಿ. ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ ಇದೆ ಅಲ್ವಾ, ಬೆಳಿಗ್ಗೆ ಏರಿ ಮೇಲೆ ನಡೆಯುತ್ತಾ ಒಂದೇ ಸಾನೆಟ್ಟನ್ನು, ಅಂದರೆ 14 ಸಾಲಿನ ಕವಿತೆಯನ್ನು, ಮೂರು ಸಲ ಓದಿದರೆ, ಮಾತು ಎಲ್ಲಿ ತಿರುಗುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ. ಇಟಾಲಿಯನ್ ಮಾದರಿಯಲ್ಲಿ ಸಾಮಾನ್ಯವಾಗಿ 8ನೇ ಸಾಲು ಮುಗಿದ ಮೇಲೆ, ಇಂಗ್ಲಿಷ್ ಮಾದರಿಯಲ್ಲಿ ಎಷ್ಟೋ ಸಲ ಕೊನೆಯ ಎರಡು ಸಾಲಿನಲ್ಲಿ.

ದಿನಕ್ಕೆ ಅರ್ಧ ಗಂಟೆ ನೀವೇ ಬರೆಯಿರಿ. ನೋಡದ ಹಿಮ, ಓಕ್ ಮರ ಬೇಡ. ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ ಅಳೆಯುವ ಕೈಯನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ. 'ಮೊಳ' ಅನ್ನುವುದಕ್ಕೆ ಇಂಗ್ಲಿಷ್ ಪದ ಹುಡುಕಿ ಸುಮ್ನೆ ಒದ್ದಾಡಬೇಡಿ, ಹಾಗೇ ಬಿಡಿ. ಸುತ್ತಲಿನ ವಾಕ್ಯ ಅದರ ಅರ್ಥ ಹೇಳಬೇಕು. ನನಗೆ ತುಂಬಾ ಕಲಿಸಿದ್ದು ಇದೊಂದೇ ಅಭ್ಯಾಸ.

ಎರಡು ದಿನ ಬಿಟ್ಟು ಗೆಳೆಯರ ಮುಂದೆ ಓದಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲಿ ಬೇಜಾರಾಯಿತು ಅಂತ ಕೇಳಿ.

ಬಿಡುವಾದಾಗ ಯಾದವಗಿರಿಗೆ ಹೋಗಿ. ಆರ್.ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ. ಅವರೂ ಇಲ್ಲಿನ ಮಹಾರಾಜ ಕಾಲೇಜಿನಲ್ಲೇ ಓದಿದವರು.