ವಿಟಮಿನ್ ಮಾತ್ರೆ ಬೇಕೋ, ಊಟವೇ ಸಾಕೋ? ತೀರ್ಮಾನಿಸುವುದು ಹೀಗೆ

ಸುಸ್ತು ಅಂದರೆ ಸಾಕು, ಮೆಡಿಕಲ್ ಶಾಪ್‌ನವರು ಮಲ್ಟಿವಿಟಮಿನ್ ಕೈಗಿಡುತ್ತಾರೆ. ಅದರಲ್ಲಿ ಹತ್ತಾರು ಪೋಷಕಾಂಶ ತುಂಬಿರುತ್ತದೆ. ನಿಮಗೆ ಕಮ್ಮಿ ಇರುವುದು ಬಹುಶಃ ಒಂದೋ ಎರಡೋ. ಅದು ಯಾವುದು ಅಂತ ಮೊದಲು ಹುಡುಕಬೇಕು.

1. ತಟ್ಟೆ ನೋಡಿಕೊಳ್ಳಿ

ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ. ಹಬ್ಬದ ವಾರ ಬೇಡ, ಮಾಮೂಲಿ ವಾರ ಇರಲಿ. ರಾಗಿ ಇದೆಯಾ? ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ದಿನಾ ಮುದ್ದೆ, ಹಾಲು, ಮೊಸರು, ಸೊಪ್ಪು ಎಲ್ಲ ಇರುವ ಮನೆಯವರು ವೈದ್ಯರು ಹೇಳದೆ ಕ್ಯಾಲ್ಸಿಯಂ ಮಾತ್ರೆಗೆ ಸುಮ್ನೆ ದುಡ್ಡು ಸುರಿಯಬೇಕಿಲ್ಲ. ವಿಟಮಿನ್ ಸಿ ಬೇಕಿದ್ದರೆ ದಿನಕ್ಕೊಂದು ಸೀಬೆಹಣ್ಣು ಸಾಕು.

ಏನು ತಿಂದಿರಿ ಎನ್ನುವಷ್ಟೇ ಹೇಗೆ ತಿಂದಿರಿ ಎನ್ನುವುದೂ ಮುಖ್ಯ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಅದರಲ್ಲಿನ, ಬಿ ಗುಂಪಿನ ವಿಟಮಿನ್ ಆದ ಫೋಲೇಟ್‌ನ ಒಂದು ಪಾಲು ಅದರೊಂದಿಗೇ ಹೋಯಿತು. ಬಸ್ಸಾರು ಮಾಡುವವರಿಗೆ ಈ ಚಿಂತೆ ಇಲ್ಲ, ಆ ನೀರೇ ಸಾರು! ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆಯಿರಿ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣಾಂಶ ಹೀರಿಕೊಳ್ಳಲು ಅದು ನೆರವಾಗುತ್ತದೆ.

2. ಊಟ ಸೋಲುವ ಜಾಗ ಗುರುತಿಸಿ

ನಮ್ಮ ಕಡೆ ಮುಖ್ಯವಾಗಿ ಎರಡು. ಒಂದು ಬಿ12. ಇದು ಸಹಜವಾಗಿ ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಎಷ್ಟು ಸೊಪ್ಪು ತಿಂದರೂ ಇದು ಬರುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಎರಡು ಮೈಕ್ರೋಗ್ರಾಂಗಿಂತ ತುಸು ಜಾಸ್ತಿ ಬೇಕು, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತದೆ. ಕಾಫಿಗೆ ಬೆರೆಸುವ ಹಾಲಷ್ಟನ್ನೇ ನಂಬಿದ ಸಸ್ಯಾಹಾರಿಗಳಿಗೆ ಲೆಕ್ಕ ಕೂಡುವುದಿಲ್ಲ. ಹಾಲನ್ನೂ ಬಿಟ್ಟವರಿಗೆ ಮಾತ್ರೆ ಬೇಕೇ ಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ, ಗ್ಯಾಸ್ಟ್ರಿಕ್‌ಗೆ ಬಹಳ ಕಾಲ ಪ್ಯಾಂಟೊಪ್ರಜೋಲ್ ತಗೊಳ್ಳುವವರಲ್ಲೂ ಬಿ12 ಇಳಿಯಬಹುದು. ಕಾಲು ಜೋಮು ಹಿಡಿಯುವುದು ಬಿ12 ಕೊರತೆಯಿಂದಲೂ ಇರಬಹುದು, ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ.

ಇನ್ನೊಂದು ವಿಟಮಿನ್ ಡಿ. ಊಟದಲ್ಲಿ ಇದು ಸಿಗುವುದೇ ಕಮ್ಮಿ. ಬೆಳಗಿನ ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ಡಿ ತಯಾರಾಗಲು ಬೇಕಾದ ಕಿರಣ ಆಗ ತೀರಾ ಕಮ್ಮಿ. ಸೂರ್ಯ ಮೇಲೇರಿದ ಮೇಲಿನ ಬಿಸಿಲು ಬೇಕು. ಆಫೀಸಿನ ಗಾಜಿನ ಕಿಟಕಿ ಪಕ್ಕ ಕೂತರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ.

ಗರ್ಭಿಣಿಯರ ಮಾತು ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 'ಊಟವೇ ಸಾಕು' ಅಂತ ಅದನ್ನು ಬಿಡಬೇಡಿ.

3. ಪರೀಕ್ಷೆ ಮಾಡಿಸಿ, ಆಮೇಲೆ ನುಂಗಿ

ಅನುಮಾನ ಬಂದರೆ ವೈದ್ಯರನ್ನು ಕೇಳಿ ಹಿಮೋಗ್ಲೋಬಿನ್, ಬಿ12, ಡಿ ನೋಡಿಸಿ. ದೊಡ್ಡ ಪ್ಯಾಕೇಜ್ ಬೇಕಿಲ್ಲ. ಕೊರತೆ ಕಂಡರೆ ಎಷ್ಟು ದಿನ ತಗೊಳ್ಳಬೇಕು ಅಂತ ಕೇಳಿ ಚೀಟಿಯಲ್ಲೇ ಬರೆಸಿಕೊಳ್ಳಿ. ಡಿ ಕೊರತೆಗೆ 60,000 ಯೂನಿಟ್‌ನ ಸ್ಯಾಶೆ ವಾರಕ್ಕೊಂದರಂತೆ ಸಾಮಾನ್ಯವಾಗಿ ಕೆಲವು ವಾರಕ್ಕಷ್ಟೇ ಕೊಡುತ್ತಾರೆ. ಅದನ್ನೇ ವರ್ಷಗಟ್ಟಲೆ ಎಳೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು, ಮೈಯಲ್ಲಿ ಉಳಿದುಕೊಳ್ಳುತ್ತವೆ.

'ವಿಟಮಿನ್ ತಾನೇ, ಏನಾಗುತ್ತೆ?' ಅನ್ನುವವರಿಗೆ ಫಿನ್‌ಲೆಂಡ್‌ನ ಉದಾಹರಣೆ ಇದೆ. ಅಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂತು. ಮೈಯಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೊಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಜಾಸ್ತಿಯಾಗಿತ್ತು.

4. ಹೊತ್ತು, ಜೋಡಿ ಸರಿ ಮಾಡಿಕೊಳ್ಳಿ

ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ. ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ ನಾಲ್ಕು ಗಂಟೆ ಅಂತರವಿರಲಿ. ಡಿ ಊಟದ ಜತೆ ಒಳ್ಳೆಯದು. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ವಿಟಮಿನ್ ಕೆ ಇರುವ ಮಾತ್ರೆಯನ್ನು ಕೇಳದೆ ಮುಟ್ಟಬಾರದು.

ಕೂದಲಿಗೆ ಅಂತ ಮಾರುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಮುಂಚೆ ಅದನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ವೈದ್ಯರನ್ನೋ ಲ್ಯಾಬ್‌ನವರನ್ನೋ ಕೇಳಿ.