ಪ್ಯಾನೆಲ್ ಕೆಳಗೆ ಕುರಿ ಮೇಯಿಸಿದ ನನ್ನ ಮೂರು ವರ್ಷ

ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕ್ ಬಂದಾಗ ಸುಮಾರು 13,000 ಎಕರೆ ಅದಕ್ಕೆ ಹೋಯಿತು. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ಬಂತು. ಜಮೀನಿಲ್ಲದ ನಮ್ಮಂಥ ಕುರಿಯವರಿಗೆ ಮೇವೂ ಹೋಯಿತು. ನನ್ನ 80 ಕುರಿಗಳಲ್ಲಿ ಅರ್ಧ ಮಾರಿದೆ. ಬೇಲಿ ಒಳಗೆ ಮೊಣಕಾಲುದ್ದ ಹುಲ್ಲು, ಹೊರಗೆ ಹಸಿದ ಮಂದೆ. ಹೊಟ್ಟೆ ಉರಿಯುತ್ತೆ ಅಲ್ವಾ?

ನಮ್ಮ ತಾಲ್ಲೂಕಿನಲ್ಲೇ 40 ಎಕರೆಯ ಒಂದು ಸಣ್ಣ ಪ್ಲಾಂಟ್ ಇದೆ. ಅಲ್ಲಿ ಕೇಳಿದೆ. ಕುರಿ ವೈರ್ ಕಡಿಯುತ್ತವೆ ಎಂದರು ಅವರು. ಕರೆಂಟ್ ಹೊಡೆದು ಸಾಯುತ್ತವೆ ಎಂದರು ನಮ್ಮ ಹಟ್ಟಿಯವರು. ಎಂಟು ತಿಂಗಳು ಅಲೆದ ಮೇಲೆ 15 ಕುರಿ ಬಿಡಲು ಒಪ್ಪಿದರು.

ಮೊದಲ ವಾರವೇ ಏಟು ಬಿತ್ತು. ಮಂದೆ ಮುಂದೆ ನಡೆಯಲಿ ಅಂತ ಎರಡು ಮೇಕೆ ಸೇರಿಸಿದ್ದೆ. ಒಂದು ಪ್ಯಾನೆಲ್ ಮೇಲೆ ಹಾರಿತು, ಗಾಜು ಒಡೆಯಿತು. 14,000 ರೂಪಾಯಿ ಕಟ್ಟಿದೆ. ಅವತ್ತಿನಿಂದ ಮೇಕೆ ಒಳಗಿಲ್ಲ. ಕೊಂಬಿನ ಟಗರೂ ಇಲ್ಲ, ಅದು ಕಂಬ ಗುದ್ದುತ್ತೆ. ಜೋತು ಬಿದ್ದ ಕೇಬಲ್‌ಗೆ ಕುರಿ ಮೈ ಉಜ್ಜುತ್ತವೆ. ಅದನ್ನೆಲ್ಲ ಮೇಲಕ್ಕೆತ್ತಿ ಕಟ್ಟಿಸಲು ಒಂಬತ್ತು ಸಾವಿರದ ಹತ್ತಿರ ಆಯಿತು. ಅರ್ಧ ನಾನೇ ಹಾಕಿದೆ.

ದೊಡ್ಡ ನಷ್ಟ ಆಗಿದ್ದು ಮಳೆಗಾಲದಲ್ಲಿ. ಎಳೆ ಹುಲ್ಲು ತಿಂದು ಕರುಳುಬೇನೆ ಬಂದು ಒಂದೇ ವಾರದಲ್ಲಿ ಆರು ಮರಿ ಹೋದವು. ಈ ಬೇನೆ ಬರದಂತೆ ಮೇ ತಿಂಗಳಲ್ಲಿ ಹಾಕಿಸುವ ಇಟಿ ಲಸಿಕೆಯನ್ನು ಆ ವರ್ಷ ನಾನು ಬಿಟ್ಟಿದ್ದೆ. ಆ ತಪ್ಪು ಇವತ್ತಿಗೂ ಚುಚ್ಚುತ್ತೆ. ಇನ್ನೊಮ್ಮೆ ನನಗೆ ಹೇಳದೆ ಕಳೆನಾಶಕ ಹೊಡೆದಿದ್ದರು. ವಾಸನೆ ಹಿಡಿದು ಮಂದೆಯನ್ನು ಗೇಟಿನಲ್ಲೇ ತಿರುಗಿಸಿದೆ. ಈಗ ಔಷಧಿ ಹೊಡೆಯಬಾರದು ಅಂತ ಕರಾರಿನಲ್ಲೇ ಬರೆಸಿದ್ದೇನೆ.

ಈಗ ಲೆಕ್ಕ ನೋಡಿ. ಹುಲ್ಲು ಕೊಯ್ಯಿಸಲು ಅವರಿಗೆ ವರ್ಷಕ್ಕೆ ಒಂದು ಲಕ್ಷದ ಮೇಲೆ ಹೋಗುತ್ತಿತ್ತು. ಮಿಷನ್‌ನಿಂದ ಕಲ್ಲು ಹಾರಿ ಗಾಜು ಒಡೆಯುವುದು ಬೇರೆ. ನನಗೆ ತಿಂಗಳಿಗೆ 4,000 ಕೊಡುತ್ತಾರೆ, ಮೇವು ಪುಕ್ಕಟೆ. ಮಂದೆ ಮತ್ತೆ 70 ದಾಟಿದೆ. ಬೇಸಿಗೆಯಲ್ಲಿ ನೆರಳಲ್ಲೇ ಮಲಗುತ್ತವೆ, ಅಲೆದಾಟ ಇಲ್ಲ. ಮೂರು ತಿಂಗಳ ಮರಿ ಮೊದಲು 11 ಕೆಜಿ ಬಂದರೆ ಹೆಚ್ಚು. ಈಗ 13, 14 ತೂಗುತ್ತವೆ. ಆಗ ನಕ್ಕವರೇ ಈಗ ಗೇಟಿನ ಹತ್ತಿರ ನಿಂತು ನೋಡುತ್ತಾರೆ.

ಸಾಲಿನ ಮಧ್ಯೆ ಹುರುಳಿ ಚೆಲ್ಲಿ ನೋಡಿದೆ. ಬಳ್ಳಿ ಕಂಬಕ್ಕೆ ಹಬ್ಬಿ ಬೈಸಿಕೊಂಡೆ. ಪ್ಯಾನೆಲ್ ತೊಳೆದ ನೀರು ಬೀಳುವ ಅಂಚಿನಲ್ಲಿ ಸ್ಟೈಲೋ ಅನ್ನೋ ಮೇವಿನ ಬೆಳೆ ಬಿತ್ತಿದ್ದು ಮಾತ್ರ ಚೆನ್ನಾಗಿ ಹಿಡಿಯಿತು. ಪಾರ್ಥೇನಿಯಂ ಕುರಿ ಮುಟ್ಟುವುದಿಲ್ಲ. ಹೂ ಬಿಡುವ ಮೊದಲು ಕೈಯಲ್ಲೇ ಕೀಳಬೇಕು, ಬೇರೆ ದಾರಿ ನನಗೆ ಸಿಕ್ಕಿಲ್ಲ.

ನಾಯಿ ಇಲ್ಲದೆ ಸಾಲಿನಿಂದ ಸಾಲಿಗೆ ಮಂದೆ ಹೇಗೆ ದಾಟಿಸುತ್ತೀಯ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಕಲಿಯಲು ಒಂದು ವರ್ಷ ಬೇಕಾಯಿತು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಯುಗಾದಿ ಆದ ಮೇಲೆ ಪಕ್ಕದ ಪ್ಲಾಂಟಿನವರು ಬಾ ಎಂದಿದ್ದಾರೆ. ಅಲ್ಲಿ ಪ್ಯಾನೆಲ್ ಅಂಚು ನೆಲದಿಂದ ಒಂದೂವರೆ ಅಡಿ ಮಾತ್ರ. ಮೊದಲು ಮರಿಗಳನ್ನಷ್ಟೇ ಬಿಟ್ಟು ನೋಡಬೇಕು.